ಮೂರು ಬರ್ಬನ್, ನಿಮ್ಮ ರುಚಿ ಯಾವುದು?

ಕನಿಷ್ಠ 51 ಶೇಕಡಾ ಮೆಕ್ಕೆಜೋಳ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ: ಇದು ಅಮೆರಿಕದ ವಿಸ್ಕಿಯಾದ ಬರ್ಬನ್‌ಗೆ, ಯಾವುದೇ ಬ್ರ್ಯಾಂಡಿನದಾದರೂ, ಇರುವ ನಿಯಮ. ಹಾಗಾಗಿ ಸಿಹಿ, ವೆನಿಲಾ ಎಲ್ಲದರಲ್ಲೂ ಸಿಗುತ್ತವೆ. ರುಚಿ ಕವಲೊಡೆಯುವುದು ಹೆಚ್ಚಾಗಿ ಎರಡನೇ ಧಾನ್ಯದಿಂದ. ಅದನ್ನು ಗುರುತಿಸಲು ಮೇಕರ್ಸ್ ಮಾರ್ಕ್, ಬುಲಿಟ್, ವೈಲ್ಡ್ ಟರ್ಕಿ 101 ಈ ಮೂರೇ ಸಾಕು.

ಮೇಕರ್ಸ್ ಮಾರ್ಕ್‌ನಲ್ಲಿ ರೈ (ಗೋಧಿಯನ್ನು ಹೋಲುವ ಒಂದು ಧಾನ್ಯ) ಇಲ್ಲ, 16 ಶೇಕಡಾ ಗೋಧಿ ಇದೆ. ಮೆತ್ತಗೆ, ಕ್ಯಾರಮೆಲ್‌ನಂತೆ ಇಳಿಯುತ್ತದೆ. ಬುಲಿಟ್‌ನಲ್ಲಿ 28 ಶೇಕಡಾ ರೈ. ಕಾಳುಮೆಣಸಿನ ಖಾರ, ನುಂಗಿದ ಮೇಲೆ ಸಿಹಿ ಉಳಿಯದ ಒಣ ರುಚಿ. ಕೆಲವರಿಗೆ ಇದು ಒರಟೆನಿಸಬಹುದು. ವೈಲ್ಡ್ ಟರ್ಕಿಯಲ್ಲಿ ರೈ 13 ಶೇಕಡಾ ಮಾತ್ರ, ಆದರೆ ಆಲ್ಕೋಹಾಲ್ 50.5 ಶೇಕಡಾ. ಮೂರರಲ್ಲಿ ತುಂಬುರುಚಿ ಇದರದೇ, ನಮ್ಮ ಮೊದಲ ಆಯ್ಕೆಯೂ ಇದೇ.

ಎಡವುವುದು ಇಲ್ಲೇ: ಆಲ್ಕೋಹಾಲಿನ ಉರಿಯನ್ನು ರೈ ಖಾರವೆಂದು ತಿಳಿಯುವುದು. ಉಳಿದೆರಡೂ ಸಾಮಾನ್ಯವಾಗಿ 45 ಶೇಕಡಾ. ಆದ್ದರಿಂದ 20 ಮಿಲಿ ವೈಲ್ಡ್ ಟರ್ಕಿಗೆ ಅರ್ಧ ಟೀ ಚಮಚ, ಅಂದರೆ 2.5 ಮಿಲಿ ನೀರು ಬೆರೆಸಿ. ಮೂರೂ ಸಮಕ್ಕೆ ಬರುತ್ತವೆ. ಉರಿ ಹೋಗಿ ರುಚಿಯೂ ಸಪ್ಪೆಯಾಯಿತೆಂದರೆ ನಿಮಗೆ ಹಿಡಿಸಿದ್ದು ಗಡಸುತನ, ರೈ ಅಲ್ಲ.

ಕಿರಿಬಾಯಿಯ ಗ್ಲಾಸ್ ಬಳಸಿ, ಹತ್ತು ನಿಮಿಷ ಬಿಡಿ, ತುಟಿ ತುಸು ತೆರೆದು ಮೂಸಿ. ಐಸ್ ಬೇಡವೇ ಬೇಡ. ತಣ್ಣಗಾದರೆ ಪರಿಮಳ ಮೇಲೇಳದು. ಗೋಧಿಯದನ್ನು ಮೊದಲು ಸವಿಯಿರಿ, ಬುಲಿಟ್ ಕೊನೆಗೆ. ಒಂದು ಗುಟುಕು ಸಾಲದು, ಮೊದಲನೆಯದು ಬಾಯಿಯನ್ನು ಒಗ್ಗಿಸುವುದಕ್ಕಷ್ಟೇ.