ಡಾಕರ್‌ನಲ್ಲಿ ಮೊಂಗೋಡಿಬಿ ಓಡಿಸುವವರೇ, 27017 ಪೋರ್ಟನ್ನು ಇವತ್ತೇ ನೋಡಿಕೊಳ್ಳಿ

2016ರ ಡಿಸೆಂಬರ್ ಕೊನೆಗೆ ಶುರುವಾಗಿ 2017ರ ಜನವರಿಯಲ್ಲಿ ಎಲ್ಲೆಡೆ ಹಬ್ಬಿದ ಮೊಂಗೋಡಿಬಿ (ಡೇಟಾಬೇಸ್ ತಂತ್ರಾಂಶ) ಸರ್ವರುಗಳ ಸುಲಿಗೆಯಲ್ಲಿ ಯಾರ ಪಾಸ್‌ವರ್ಡನ್ನೂ ಯಾರೂ ಮುರಿಯಲಿಲ್ಲ. ಮುರಿಯಲು ಪಾಸ್‌ವರ್ಡೇ ಇರಲಿಲ್ಲ. ಮೊಂಗೋಡಿಬಿ ತಾನಾಗಿ ಬಳಸುವ 27017 ಪೋರ್ಟ್ ತೆರೆದಿದ್ದ ಸರ್ವರುಗಳನ್ನು ಸ್ಕ್ರಿಪ್ಟುಗಳು ಹುಡುಕಿ, ಒಳಹೊಕ್ಕು ಡೇಟಾ ಅಳಿಸಿ, 0.2 ಬಿಟ್‌ಕಾಯಿನ್ ಕೇಳುವ ಚೀಟಿ ಬಿಟ್ಟುಹೋದವು. ಜನವರಿ ಎರಡನೇ ವಾರಕ್ಕೆ 27 ಸಾವಿರಕ್ಕೂ ಹೆಚ್ಚು ಸರ್ವರುಗಳು ಖಾಲಿಯಾಗಿದ್ದವು. ಒಬ್ಬ ಇಟ್ಟ ಚೀಟಿಯನ್ನು ಇನ್ನೊಬ್ಬ ಅಳಿಸಿ ತನ್ನದನ್ನು ಇಡುತ್ತಿದ್ದ. ಎಷ್ಟೋ ಕಡೆ ಡೇಟಾದ ನಕಲನ್ನೇ ತೆಗೆದಿರಲಿಲ್ಲ, ಹಾಗಾಗಿ ಹಣ ಕಟ್ಟಿದವರಿಗೂ ಏನೂ ಮರಳಲಿಲ್ಲ.

3.6ನೇ ಆವೃತ್ತಿಯಿಂದ ಮೊಂಗೋಡಿಬಿ ತಾನಾಗಿ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಯಂತ್ರಕ್ಕೆ ಮಾತ್ರ ಕಿವಿಗೊಡುತ್ತದೆ ನಿಜ. ಆದರೆ ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನ ಅಧಿಕೃತ ಇಮೇಜ್ (ಸಿದ್ಧ ಪ್ಯಾಕೇಜ್) ಹಾಗಲ್ಲ. ಬೇರೆ ಸೂಚನೆ ಕೊಡದಿದ್ದರೆ ಅದು ಎಲ್ಲ ವಿಳಾಸಗಳಿಗೂ ತೆರೆದುಕೊಳ್ಳುತ್ತದೆ. ಅದರ ಮೇಲೆ ಕಂಪೋಸ್ ಫೈಲಿನಲ್ಲಿ (ಡಾಕರ್‌ನ ಸೆಟ್ಟಿಂಗ್ ಫೈಲು) "27017:27017" ಎಂದು ಬರೆದರೆ ಪೋರ್ಟ್ ಇಡೀ ಇಂಟರ್‌ನೆಟ್ಟಿಗೆ ಸಿಗುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೇವಲ್ಲ ಎಂದು ನೆಚ್ಚಿಕೊಳ್ಳಬೇಡಿ. ಡಾಕರ್ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ ಪಟ್ಟಿ) ತನ್ನದೇ ನಿಯಮ ಬರೆದು ಪ್ಯಾಕೆಟ್ಟನ್ನು ನೇರ ಕಂಟೇನರ್ ಕಡೆ ತಿರುಗಿಸುತ್ತದೆ, ಯುಎಫ್‌ಡಬ್ಲ್ಯೂ ಕಾಯುವ ಇನ್‌ಪುಟ್ ಸರಪಳಿಗೆ ಅದು ಬರುವುದೇ ಇಲ್ಲ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ 27017 ಮುಚ್ಚಿದೆ ಎಂದೇ ತೋರಿಸುತ್ತದೆ. ಈ ಸುಳ್ಳು ಧೈರ್ಯವೇ ಅತಿ ಅಪಾಯಕಾರಿ.

ಆದ್ದರಿಂದ ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಿ. ಮೊಬೈಲ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಸರ್ವರಿನ ಸಾರ್ವಜನಿಕ ಐಪಿಯ 27017ಕ್ಕೆ ಸಂಪರ್ಕಿಸಿ ನೋಡಿ. ಸಂಪರ್ಕ ಸಿಕ್ಕರೆ ಆ ಸಾಲನ್ನು "127.0.0.1:27017:27017" ಎಂದು ತಿದ್ದಿ. ಆ್ಯಪ್ ಕೂಡ ಅದೇ ಡಾಕರ್ ನೆಟ್‌ವರ್ಕಿನಲ್ಲಿದ್ದರೆ ಸಾಲನ್ನೇ ತೆಗೆದುಹಾಕಿ, ಪೋರ್ಟ್ ಹೊರಗೆ ಕೊಡುವ ಅಗತ್ಯವೇ ಇಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಮೂರು ಕಡೆ. ಬಳಕೆದಾರರನ್ನು ಅಡ್ಮಿನ್ ಡೇಟಾಬೇಸಿನಲ್ಲಿ ಸೃಷ್ಟಿಸಿರುತ್ತೀರಿ, ಆದರೆ ಸಂಪರ್ಕದ ಸಾಲಿನಲ್ಲಿ (ಕನೆಕ್ಷನ್ ಸ್ಟ್ರಿಂಗ್) ಆ್ಯಪ್‌ನ ಡೇಟಾಬೇಸ್ ಹೆಸರಿದ್ದರೆ ಡ್ರೈವರ್ (ಆ್ಯಪನ್ನು ಡೇಟಾಬೇಸಿಗೆ ಜೋಡಿಸುವ ಕೋಡ್) ಅಲ್ಲೇ ಹುಡುಕಿ ಲಾಗಿನ್ ವಿಫಲ ಎನ್ನುತ್ತದೆ. ಆಥ್‌ಸೋರ್ಸ್ ಅಡ್ಮಿನ್ (authSource=admin) ಎಂದು ಸೇರಿಸಿದರೆ ಸಾಕು. ಪಾಸ್‌ವರ್ಡಿನಲ್ಲಿ @ ಇದ್ದರೆ ಸಂಪರ್ಕದ ಸಾಲಿನಲ್ಲಿ ಅದನ್ನು %40 ಎಂದು ಬರೆಯಬೇಕು. ಇನ್ನು ಇಮೇಜಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಕೊಡುವ ರೂಟ್ ಬಳಕೆದಾರ ಸೃಷ್ಟಿಯಾಗುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ. ಹಿಂದಿನ ಡೇಟಾ ಉಳಿದಿರುವ ಹಳೆ ವಾಲ್ಯೂಮ್ ಇದ್ದರೆ ಆಗುವುದಿಲ್ಲ. ಈ ಮೂರರಲ್ಲಿ ಒಂದಕ್ಕೆ ಸಿಕ್ಕಿಕೊಂಡವರು, "ಸದ್ಯಕ್ಕೆ ಇರಲಿ" ಎಂದು ಆಥರೈಸೇಶನ್ (ಪಾಸ್‌ವರ್ಡ್ ಮತ್ತು ಅಧಿಕಾರದ ತಪಾಸಣೆ) ಆಫ್ ಮಾಡಿ ಕೆಲಸ ಮುಂದುವರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಸರ್ವರುಗಳನ್ನು ಹುಡುಕುವ ಸ್ಕ್ರಿಪ್ಟುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ.

ಅಧಿಕಾರವನ್ನು ಹಂಚುವಾಗ ಕೈ ಬಿಗಿ ಇರಲಿ. ಆ್ಯಪ್‌ಗೆ ರೂಟ್ ಕೊಟ್ಟಿದ್ದರೆ, ಕೋಡ್ ಜೊತೆ ಸೋರಿದ ಒಂದೇ ಸಂಪರ್ಕದ ಸಾಲು ಎಲ್ಲವನ್ನೂ ಅಳಿಸಬಲ್ಲದು. ಆ್ಯಪ್‌ಗೆ ತನ್ನ ಡೇಟಾಬೇಸ್ ಮೇಲೆ ಮಾತ್ರ ರೀಡ್‌ರೈಟ್, ವರದಿ ತೆಗೆಯುವವರಿಗೆ ಬರೀ ರೀಡ್. ರೀಡ್‌ರೈಟ್ ಇದ್ದವರು ಇಡೀ ಡೇಟಾಬೇಸ್ ಅಳಿಸಲಾರರು, ಆದರೆ ಕಲೆಕ್ಷನ್ನುಗಳನ್ನು (ಡೇಟಾಬೇಸಿನೊಳಗಿನ ದಾಖಲೆಗಳ ಗುಂಪುಗಳು) ಒಂದೊಂದಾಗಿ ಅಳಿಸಬಲ್ಲರು ಎನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಹಣದ ಲೆಕ್ಕದಂಥ ಕಲೆಕ್ಷನ್ನಿಗೆ ಫೈಂಡ್ ಮತ್ತು ಇನ್ಸರ್ಟ್ ಮಾತ್ರ ಇರುವ ಬೇರೆ ರೋಲ್ ಮಾಡಿ.

ಮೊಂಗೋಡಂಪ್ ಎಂಬ ಸಾಧನದಿಂದ ತೆಗೆದ ಬ್ಯಾಕಪ್ ಅದೇ ಯಂತ್ರದಲ್ಲಿದ್ದರೆ ಲೆಕ್ಕಕ್ಕಿಲ್ಲ. ಬೇರೆ ಕಡೆ, ಈ ಸರ್ವರಿನ ಕೀಲಿಯಿಂದ ಅಳಿಸಲಾಗದ ಹಾಗೆ ಇಡಿ. ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ಮರಳಿ ತುಂಬಿ ನೋಡಿ.

ಈಗಾಗಲೇ ಚೀಟಿ ಕಂಡಿದ್ದರೆ ಹಣ ಕಟ್ಟಬೇಡಿ. ಮೊದಲು ಪೋರ್ಟ್ ಮುಚ್ಚಿ, ಡಿಸ್ಕ್ ಸ್ನ್ಯಾಪ್‌ಶಾಟ್ ತೆಗೆದು ಲಾಗ್ ಫೈಲುಗಳನ್ನು ಎತ್ತಿಡಿ. ದಾಳಿಯಾದ ಹೊತ್ತಿನಲ್ಲಿ ಸರ್ವರಿನಿಂದ ಎಷ್ಟು ಡೇಟಾ ಹೊರಹೋಗಿದೆ ಎಂದು ಹೋಸ್ಟಿಂಗ್ ಗ್ರಾಫಿನಲ್ಲಿ ನೋಡಿ. 40 ಜಿಬಿ ಡೇಟಾಬೇಸಿಗೆ ಕೆಲವೇ ಎಂಬಿ ಹೊರಹೋಗಿದ್ದರೆ, ಇಡೀ ನಕಲು ಅವರ ಬಳಿ ಇರಲು ಸಾಧ್ಯವಿಲ್ಲ. ಭಾರತದ ಕಂಪನಿಯಾದರೆ, 2022ರ ನಿರ್ದೇಶನದಂತೆ ವಿಷಯ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಭಾರತ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ) ತಿಳಿಸಬೇಕು.