ಬೆಳಕಿನ ಚಿಕಿತ್ಸೆ ಕೋರ್ಸ್: ಒಂದರಲ್ಲಿ ಮೋಸ ಹೋದೆ, ಇನ್ನೊಂದರಲ್ಲಿ ಕಲಿತೆ

ನಾನು ಫಿಸಿಯೋಥೆರಪಿಸ್ಟ್. ಕ್ಲಿನಿಕ್‌ಗೆ ಕೆಂಪು ಬೆಳಕಿನ ಯಂತ್ರ ತರುವ ಮುಂಚೆ ಕಲಿಯೋಣ ಅಂತ ಎರಡು ದಿನದ ಕೋರ್ಸ್ ಒಂದಕ್ಕೆ ಸೇರಿದೆ. ಹೆಸರು ಬೇಡ ಬಿಡಿ. ಮೊದಲ ದಿನ ಪೂರ್ತಿ ಅವರದೇ ಯಂತ್ರದ ಗುಣಗಾನ. ಡೋಸ್, ಅಂದರೆ ಎಷ್ಟು ಬೆಳಕು ಕೊಡಬೇಕು ಅನ್ನೋದನ್ನ ಲೆಕ್ಕ ಹಾಕೋದು ಹೇಗೆ ಅಂತ ಕೇಳಿದರೆ "ಹತ್ತು ನಿಮಿಷ ಇಡಿ ಮೇಡಂ, ಸಾಕು" ಅಂದರು. ಎಷ್ಟು ದೂರದಿಂದ, ಎಷ್ಟು ಪವರ್‌ನಲ್ಲಿ? ಉತ್ತರವೇ ಇಲ್ಲ. ಊಟ ಮಾತ್ರ ಚೆನ್ನಾಗಿತ್ತು.

ಆಮೇಲೆ ಸೇರಿದ ಆನ್‌ಲೈನ್ ಕೋರ್ಸ್ ಬೇರೆಯೇ ಮಟ್ಟದ್ದು. ಮೊದಲ ಪಾಠದಲ್ಲೇ ಕ್ಯಾಲ್ಕುಲೇಟರ್ ಹಿಡಿಸಿದರು. ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಬೀಳುತ್ತಿದ್ದರೆ 4 ಜೂಲ್ ಕೊಡೋಕೆ 80 ಸೆಕೆಂಡ್ ಬೇಕು, ಅಷ್ಟೇ, ಮತ್ತೆ ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅಂತೇನೂ ಇಲ್ಲ, ಮಿತಿ ದಾಟಿದರೆ ಪರಿಣಾಮ ಕುಗ್ಗಲೂಬಹುದು ಅಂತ ಗ್ರಾಫ್ ಬಿಡಿಸಿ ತೋರಿಸಿದರು. 660 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೆಂಪಗೆ ಕಾಣುತ್ತದೆ. 810 ಇನ್ನೂ ಆಳಕ್ಕೆ ಇಳಿಯುತ್ತದೆ, ಆದರೆ ಹೆಚ್ಚುಕಮ್ಮಿ ಕಣ್ಣಿಗೆ ಕಾಣೋದೇ ಇಲ್ಲ, ಅದಕ್ಕೇ ರಕ್ಷಣೆಯ ಕನ್ನಡಕ ಬಿಡುವ ಹಾಗಿಲ್ಲ. ಚಳಿಗಾಲದ ಖಿನ್ನತೆಗೆ ಬಳಸುವ 10,000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ದೀಪದ ಕೆಲಸ ಕಣ್ಣಿನ ಮೂಲಕ ನಡೆಯುತ್ತದೆ, ಚರ್ಮದ ಮೂಲಕ ಅಲ್ಲ. ಆ ದೀಪವನ್ನೂ ಕೆಂಪು ಬೆಳಕಿನ ಯಂತ್ರವನ್ನೂ ಒಂದೇ ಚೀಲಕ್ಕೆ ತುಂಬಲಿಲ್ಲ ನೋಡಿ, ಅದು ಇಷ್ಟವಾಯಿತು. ಕ್ಯಾನ್ಸರ್ ಗಡ್ಡೆಯ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ ಸುಮ್ನೆ ಹಿಡಿಯಬಾರದು ಅಂತ ಒಂದಿಡೀ ತರಗತಿ.

ಕೊರತೆ? ರೋಗಿಯ ಮೇಲೆ ಕೈಯಾರೆ ಅಭ್ಯಾಸ ಇಲ್ಲ. ಲೈವ್ ಕ್ಲಾಸ್ ರಾತ್ರಿ ಹನ್ನೊಂದಕ್ಕೆ, ಎರಡು ಸಲ ನಿದ್ದೆ ಹೋಗಿದ್ದೆ. ನೀವು ಸೇರೋದಾದರೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಡೋಸ್ ಲೆಕ್ಕ ಕಲಿಸ್ತೀರಾ ಅಂತ ಕೇಳಿ. ತಡವರಿಸಿದರೆ ಫೋನ್ ಇಟ್ಟುಬಿಡಿ.