ವಾರ್‌ಗೇಮ್ ಟೇಬಲ್ ಮಾಡಿಸುವವರೇ, ಬಟ್ಟೆ ಹೊದಿಸುವ ಮೊದಲು ಹಲಗೆ ನೋಡಿ

ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ವಾರ್‌ಗೇಮ್‌ಗೆ ಮನೆಯಲ್ಲೇ ಒಂದು ಟೇಬಲ್ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಕರಾವಳಿ, ಮಲೆನಾಡಿನವರಂತೂ ಓದಲೇಬೇಕು. ಹಲಗೆ ಕೊಡುವ ಅಂಗಡಿಯವರಿಂದಲೇ ಬಟ್ಟೆಯನ್ನೂ ಹೊದಿಸಿಕೊಳ್ಳಬೇಡಿ. ಬಟ್ಟೆ ಅಂಟಿದ ಮೇಲೆ ಒಳಗೆ ಯಾವ ಮರ ಇದೆ ಅಂತ ನೋಡುವ ದಾರಿಯೇ ಇರುವುದಿಲ್ಲ. ನಮಗೆ ಮೋಸ ಆಗಿದ್ದು ಅಲ್ಲೇ.

ನಾವು ಮಂಗಳೂರಿನ ಕೆಲವು ಗೆಳೆಯರು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದ ಪೊಳ್ಳಿಲೂರು ಕಾಳಗವನ್ನು ಆಡಬೇಕು ಅನ್ನುವುದು ನಮ್ಮ ಬಹಳ ದಿನದ ಆಸೆ. ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ದಂಡನ್ನು ಮುರಿದ ಕಾಳಗ ಅದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಅದರ ದೊಡ್ಡ ಚಿತ್ರ ಇದೆ. ನಡುವೆ ಪಲ್ಲಕ್ಕಿಯಲ್ಲಿ ಬೈಲಿ, ಸುತ್ತ ಚೌಕಟ್ಟಾಗಿ ನಿಂತ ಸಿಪಾಯಿಗಳು, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಅದನ್ನು ನೋಡಿಕೊಂಡೇ ನಾವು ಗೊಂಬೆಗಳಿಗೆ ಬಣ್ಣ ಬಳಿದಿದ್ದೆವು. ಒಂದೊಂದು ಗೊಂಬೆಗೂ ಗಂಟೆಗಟ್ಟಲೆ ಕೂತು ಮಾಡಿದ ಕೆಲಸ.

ಇಂಥ ಆಟಕ್ಕೆ 6 ಅಡಿ ಉದ್ದ, 4 ಅಡಿ ಅಗಲದ ಹಲಗೆ ಹಳೆಯ ಅಳತೆ. 4 ಅಡಿ ಯಾಕೆ ಅಂದರೆ ಎರಡೂ ಕಡೆಯಿಂದ ಎರಡೆರಡು ಅಡಿ ಕೈ ಚಾಚಿದರೆ ನಡುವಿನ ಗೊಂಬೆ ಸಿಗುತ್ತದೆ. ಅದಕ್ಕಿಂತ ಅಗಲವಾದರೆ ಮೈ ಬಗ್ಗಿಸಬೇಕು, ಅಂಗಿಯ ತೋಳಿಗೆ ತಾಗಿ ಗೊಂಬೆ ಬೀಳುತ್ತದೆ. ಎತ್ತಿಡಲು ಸುಲಭವಾಗಲಿ ಅಂತ 3 ಅಡಿಗೆ 4 ಅಡಿ ಅಳತೆಯ ಎರಡು ತುಂಡು ಮಾಡಿಸಿದೆವು. 12 ಎಂಎಂ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ಬೇಕು, ಎರಡೂ ಬದಿಗೆ ಪ್ರೈಮರ್ ಹೊಡೆಯಬೇಕು, ಮೇಲೆ ಹಸಿರು ಫೆಲ್ಟ್ ಬಟ್ಟೆ ಹೊದಿಸಬೇಕು ಅಂತ ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆವು. ಅಂಗಡಿಯವರು ಹೇಳಿದ್ದು, "ಎಂತ ಆಗುದಿಲ್ಲ ಸರ್, ಮರೀನ್ ಅಲ್ವಾ, ನೀರಲ್ಲಿ ಹಾಕಿಟ್ಟರೂ ಎಂತ ಆಗುದಿಲ್ಲ." ಹಣ ತೆಗೆದುಕೊಂಡದ್ದೂ ಮರೀನ್ ದರದಲ್ಲೇ. ಪ್ಲೈ ಸಾಮಾನ್ಯವಾಗಿ ಬರುವುದು 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಲ್ಲಿ. ನಮಗೆ 6 ಅಡಿ ಹೋದರೆ 2 ಅಡಿಗೆ 4 ಅಡಿಯ ಒಂದು ತುಂಡು ಉಳಿಯಬೇಕು. ಪೂರ್ತಿ ಹಾಳೆಗೆ ದುಡ್ಡು ಕೊಟ್ಟಿದ್ದೆವು. ಉಳಿದ ತುಂಡು ಕೇಳಿದರೆ "ಬೇರೆ ಕೆಲಸಕ್ಕೆ ಹೋಯ್ತು" ಅಂದರು. ಈ ತುಂಡಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬೇಸಿಗೆಯಲ್ಲಿ ಟೇಬಲ್ ಚೆನ್ನಾಗಿಯೇ ಇತ್ತು. ಜೂನ್ ಬಂದು ಮಳೆ ಹಿಡಿದದ್ದೇ ತಡ, ಎರಡೂ ಹಲಗೆಯ ಅಂಚು ಮೇಲಕ್ಕೆದ್ದು ನಡು ತಗ್ಗಿತು. ಜೋಡಣೆ ಇರುವ ಜಾಗದಲ್ಲಿ ಹಸಿರು ಬಟ್ಟೆ ಬೆರಳು ದಪ್ಪಕ್ಕೆ ಉಬ್ಬಿ ನಿಂತಿತು. ಅದರ ಮೇಲಿಟ್ಟ ಕುದುರೆ ಸವಾರರು ನಿಲ್ಲಲೇ ಇಲ್ಲ. ಒಂದು ಸಾಲು ಜಾರಿ ನೆಲಕ್ಕೆ ಬಿದ್ದು, ರೆಸಿನ್ ಗೊಂಬೆಗಳ ಕತ್ತಿ, ಕುದುರೆ ಕಾಲು ಎಲ್ಲ ಮುರಿದವು. ಬಟ್ಟೆಯ ಮೂಲೆಯಲ್ಲಿ ಬೂಷ್ಟು. ಬೆವರಿದ ಕೈ ಇಟ್ಟರೆ ಅಂಗೈ ಹಸಿರು. ಗೊಂಬೆಗಳ ಅಡಿಯ ಬಿಲ್ಲೆಗಳಿಗೂ ಆ ಬಣ್ಣ ಹತ್ತಿತ್ತು.

ಬಟ್ಟೆ ಕಿತ್ತು ನೋಡಿದೆವು. ಹಲಗೆಯ ಪೂರ್ತಿ ಮೈಗೆ ರಬ್ಬರ್ ಅಂಟು ಬಳಿದು ಫೆಲ್ಟ್ ಅಂಟಿಸಿದ್ದರು. ಮೇಲ್ಮೈ ಮುಚ್ಚಿಹೋಗಿದೆ, ಕೆಳಗೆ ಒಂದು ಹನಿ ಪ್ರೈಮರ್ ಇಲ್ಲ, ಬರೀ ಹಸಿ ಮರ. ಕೆಳಬದಿ ಗಾಳಿಯ ತೇವ ಕುಡಿದು ಹಿಗ್ಗಿದೆ, ಮೇಲ್ಬದಿ ಹಿಗ್ಗಿಲ್ಲ. ಅದಕ್ಕೇ ಹಲಗೆ ಬಾಗಿದ್ದು. ಅಂಚಿನಲ್ಲಿ ಪದರಗಳ ನಡುವೆ ಚಾಕುವಿನ ತುದಿ ತೂರುವಷ್ಟು ಸಂದು. ಅಂಚಿಗೆ ಕಂದು ಬಣ್ಣ ಬಳಿದಿದ್ದರು, ಕೆರೆದರೆ ಒಳಗಿನ ಅಂಟಿನ ಗೆರೆ ಪೂರ್ತಿ ಬಿಳಿಚು. ಇನ್ನು ಹಲಗೆಯ ಒಂದು ಮೂಲೆಯಲ್ಲಿ ಕಂಪನಿಯ ಮುದ್ರೆಯನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಗುರುತು. ಮಬ್ಬಾಗಿ ಭಾರತೀಯ ಮಾನಕದ (ಐಎಸ್) ನಂಬರ್‌ನ ಮೂರು ಅಂಕಿ ಉಳಿದಿತ್ತು: 303. ಮರೀನ್ ಪ್ಲೈ ಮೇಲೆ ಇರಬೇಕಾದದ್ದು 710.

ಅವರೇ ಮಾಡಿಕೊಟ್ಟ ಥರ್ಮೋಕೋಲ್ ಗುಡ್ಡಗಳ ಕಥೆಯೂ ಇದೇ. ಅದೇ ರಬ್ಬರ್ ಅಂಟು ಹಾಕಿ, ಮೇಲೆ ಡಬ್ಬಿಯ ಸ್ಪ್ರೇ ಪೇಂಟ್ ಹೊಡೆದಿದ್ದರು. ಎರಡರಲ್ಲೂ ಇರುವ ದ್ರಾವಕ ಥರ್ಮೋಕೋಲ್ ಅನ್ನು ಕರಗಿಸುತ್ತದೆ. ಹೊರಗಿಂದ ಮರಪುಡಿ ಅಂಟಿಸಿ ಹುಲ್ಲಿನ ಹಾಗೆ ಚಂದ ಮಾಡಿದ್ದಾರೆ, ಒತ್ತಿದರೆ ಒಳಗೆ ಟೊಳ್ಳು.

ಅಂಗಡಿಗೆ ಹೋಗಿ ಹಲಗೆ ತೋರಿಸಿದಾಗ ಬಂದ ಉತ್ತರ, "ಮಳೆಗಾಲ ಅಲ್ವಾ ಸರ್, ಎಂತ ಮಾಡುದು?" 303 ಅಂಕಿ ತೋರಿಸಿದರೆ ಮಾತೇ ಇಲ್ಲ. ಜಿಎಸ್‌ಟಿ ಬಿಲ್ ಅನ್ನು ಆಮೇಲೆ ಕಳಿಸುತ್ತೇವೆ ಅಂದವರು ಕಳಿಸಲೇ ಇಲ್ಲ. ಕೊಟ್ಟದ್ದು ಒಂದು ಅಂದಾಜು ಚೀಟಿ, ಅದರಲ್ಲಿ "ಟೇಬಲ್ 1" ಅಂತ ಮಾತ್ರ ಬರೆದಿದೆ. ಹಣ ವಾಪಸ್ ಬರಲಿಲ್ಲ. ಕಷ್ಟಪಟ್ಟು ದುಡಿದ ದುಡ್ಡು, ಹೊಟ್ಟೆ ಉರಿಯುತ್ತದೆ.

ಈಗ ಹಲಗೆ ನೋಡುವುದು ಹೇಗೆ ಅಂತ ಹೇಳುತ್ತೇನೆ. ಪ್ಲೈಯಲ್ಲಿ ಅಂಟೇ ಮುಖ್ಯ. ಎಂಆರ್ (ತೇವ ಮಾತ್ರ ತಡೆಯುವ) ಅನ್ನುವ ಅಗ್ಗದ ದರ್ಜೆಯಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅದು ಮನೆಯೊಳಗಿನ ಒಣ ಜಾಗಕ್ಕೆ ಸರಿ. ಮರೀನ್ ಅಥವಾ ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಡೆಯುವ) ದರ್ಜೆಗೆ ಫೀನಾಲ್ ಫಾರ್ಮಾಲ್ಡಿಹೈಡ್. ಈ ಅಂಟಿನ ಗೆರೆ ಕಪ್ಪು ಕಂದು ಇರುತ್ತದೆ, ಹೊಸದಾಗಿ ಕೊಯ್ದ ಅಂಚಿನಲ್ಲಿ ಕಾಣುತ್ತದೆ. ಬಣ್ಣ ಬೆರೆಸಿಯೂ ಮೋಸ ಮಾಡಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ. ಭಾರತೀಯ ಮಾನಕ 710ರ ಪ್ರಕಾರ ಮರೀನ್ ಪ್ಲೈ 72 ಗಂಟೆ ಕುದಿಯುವ ನೀರಲ್ಲಿದ್ದರೂ ಪದರ ಬಿಡಬಾರದು. 303 ಅನ್ನುವುದು ಸಾಮಾನ್ಯ ಬಳಕೆಯ ಪ್ಲೈಯ ಮಾನಕ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಗೆ, ಯಾವ ಮಾನಕಕ್ಕೆ ಕೊಟ್ಟದ್ದು ಅಂತ ಅಲ್ಲೇ ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ಆಮೇಲೆ ಆ ಉಳಿದ ತುಂಡು. ಅದನ್ನು ಬಿಡಲೇಬೇಡಿ. ಅದರಿಂದ ಅಂಗೈಯಷ್ಟು ಚೂರು ಕೊಯ್ದು ಹಳೇ ಪಾತ್ರೆಯಲ್ಲಿ ಕುದಿಸಿ. 72 ಗಂಟೆ ಬೇಕಾಗಿಲ್ಲ, ಎಂಆರ್ ಅಂಟು ಕುದಿಯುವ ನೀರನ್ನು ಅಷ್ಟು ಹೊತ್ತು ತಡೆಯುವುದಿಲ್ಲ, ಪದರ ಬಾಯಿ ಬಿಡುತ್ತದೆ. ನಮ್ಮ ಹಲಗೆಯ ಚೂರು ಬೆಳಿಗ್ಗೆ ಒಲೆ ಮೇಲಿಟ್ಟದ್ದು, ಊಟದ ಹೊತ್ತಿಗೆ ಹಾಳೆ ಹಾಳೆಯಾಗಿ ಬಿಟ್ಟುಕೊಂಡಿತು. ತುಂಡು ಕೊಡಲ್ಲ ಅನ್ನುವ ಅಂಗಡಿ ಬೇಡವೇ ಬೇಡ.

ಹಲಗೆ ಸರಿ ಇದ್ದರೆ ಉಳಿದ ಕೆಲಸ ಮನೆಯಲ್ಲೇ ಮಾಡಬಹುದು. ಎರಡೂ ಬದಿಗೆ, ನಾಲ್ಕೂ ಅಂಚಿಗೆ ಸಮನಾಗಿ ಪ್ರೈಮರ್, ಮೇಲೆ ಎನಾಮೆಲ್ ಬಣ್ಣ. ಅಂಚನ್ನು ಮರೆಯಬೇಡಿ, ನೀರು ಹೆಚ್ಚು ಕುಡಿಯುವುದು ಅದೇ. ಕೆಳಗೆ ಮರದ ರೀಪಿನ ಚೌಕಟ್ಟು ಕೊಟ್ಟು ಸ್ಕ್ರೂ ಹಾಕಿ. ಬಟ್ಟೆಯನ್ನು ಮೈಗೆ ಅಂಟಿಸುವುದು ಬೇಡ. ಮೊದಲು ತೊಳೆದು ಒಣಗಿಸಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅಂಗಡಿಗೆ ವಾಪಸ್. ಆಮೇಲೆ ಹಲಗೆ ಬೋರಲು ಹಾಕಿ, ಒಂದು ಬದಿಯ ನಡುವಿಗೆ ಸ್ಟೇಪಲ್ ಹೊಡೆದು, ಎದುರಿನ ಬದಿಯ ನಡುವಿಗೆ ಎಳೆದು ಹೊಡೆಯಿರಿ. ಹಾಗೇ ಆಚೆ ಈಚೆ ಮಾಡುತ್ತಾ ಹೋಗಿ, ಮೂಲೆಗಳು ಕೊನೆಗೆ. ಬೇಕಾದಾಗ ಕಿತ್ತು ಒಳಗೆ ನೋಡಬಹುದು. ಮಳೆ ಜಾಸ್ತಿ ಇರುವ ಊರಲ್ಲಿ ನನ್ನ ಆಯ್ಕೆ ನಿಯೋಪ್ರೀನ್ ಅನ್ನುವ ರಬ್ಬರ್‌ನ ಮ್ಯಾಟ್. ದುಬಾರಿ ಹೌದು, ಆದರೆ ಸುಮ್ನೆ ಹಾಸಿ, ಆಟ ಮುಗಿದ ಮೇಲೆ ಸುತ್ತಿಟ್ಟರೆ ಆಯ್ತು. ಗುಡ್ಡಗಳಿಗೆ ನೀರಿನಲ್ಲಿ ಬೆರೆಯುವ ಬಿಳಿ ಅಂಟು, ಬ್ರಷ್‌ನಲ್ಲಿ ಬಳಿಯುವ ಅಕ್ರಿಲಿಕ್ ಬಣ್ಣ ಮಾತ್ರ.

ಬಿಲ್‌ನಲ್ಲಿ ಪ್ಲೈ ಕಂಪನಿ, ದರ್ಜೆ, ಐಎಸ್ ನಂಬರ್, ದಪ್ಪ ನಾಲ್ಕನ್ನೂ ಬರೆಸಿ, ಅದು ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ. ಮುದ್ರೆಯ ಫೋಟೋ ತೆಗೆದಿಡಿ. ಈಗಾಗಲೇ ಮೋಸ ಹೋಗಿ ಬಿಲ್ ಕೈಯಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಮಂಗಳೂರು, ಉಡುಪಿ ಕಡೆಯವರು ಹಲಗೆ ತರಲು ಹೊರಟಿದ್ದರೆ ನನಗೆ ಹೇಳಿ, ಬಿಡುವಿದ್ದರೆ ಜೊತೆಗೆ ಬಂದು ನೋಡಿಕೊಡುತ್ತೇನೆ.